ಋತು ಬದಲಾಯಿತು, ಯೂನಿಫಾರ್ಮ್ ಬದಲಾಗಲಿಲ್ಲ

ಶಿವರಾತ್ರಿ ಬಂದರೆ ಚಳಿ 'ಶಿವ ಶಿವಾ' ಎಂದು ಹೊರಟುಹೋಗುತ್ತದೆ ಎನ್ನುವುದು ಹಿರಿಯರ ಮಾತು. 2025ರಲ್ಲಿ ಶಿವರಾತ್ರಿ ಬಂದದ್ದು ಫೆಬ್ರುವರಿ 26ಕ್ಕೆ. ಚಳಿ ಅಷ್ಟು ದಿನ ಕಾಯಲಿಲ್ಲ. ಅದೇ ವಾರ ಗೋವಾ ಮತ್ತು ಮಹಾರಾಷ್ಟ್ರದ ಕರಾವಳಿಯಲ್ಲಿ ಬಿಸಿಗಾಳಿ ಬೀಸಿತು. ನಮ್ಮ ಕರಾವಳಿ ಜಿಲ್ಲೆಗಳಿಗೂ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ತಿಂಗಳು ಮುಗಿದ ಮೇಲೆ ಲೆಕ್ಕ ಹಾಕಿದಾಗ, 1901ರಿಂದ ಈಚೆಗೆ ದೇಶ ಕಂಡ ಅತಿ ಬೆಚ್ಚಗಿನ ಫೆಬ್ರುವರಿ ಅದೇ ಎಂದು ಗೊತ್ತಾಯಿತು. ಅದರ ಹಿಂದಿನ ವರ್ಷ 2024 ಕೂಡ ಅಷ್ಟೂ ದಾಖಲೆಯಲ್ಲಿ ಅತಿ ಬಿಸಿಯಾದ ವರ್ಷ.

ಪಂಚಾಂಗದ ಪ್ರಕಾರ ಯುಗಾದಿಯಿಂದ ವಸಂತ ಋತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಸಂತವೇ ಇಲ್ಲ. ಜನವರಿ, ಫೆಬ್ರುವರಿ ಚಳಿಗಾಲ. ಮಾರ್ಚ್ ಒಂದರಿಂದ ನೇರ ಬೇಸಿಗೆ. ನಮ್ಮ ರಾಯಚೂರಿನವರಿಗೆ ಇಲಾಖೆಯ ಲೆಕ್ಕವೇ ಸರಿ ಅನಿಸುತ್ತದೆ. ಚೈತ್ರದಲ್ಲಿ ಮಾವು ಚಿಗುರುವುದು ನಿಜ, ಆದರೆ ಅದನ್ನು ನೋಡಲು ಮಧ್ಯಾಹ್ನ ಹೊರಗೆ ಹೋಗುವವರು ಯಾರು?

ಈ ಬದಲಾವಣೆ ಮೊದಲು ಕಾಣುವುದು ಬಟ್ಟೆಯಲ್ಲಿ. ಸ್ವೆಟರ್ ಒಳಗೆ ಹೋಗುತ್ತದೆ, ತೆಳು ಅಂಗಿ ಹೊರಗೆ ಬರುತ್ತದೆ. ಇದು ಪ್ರತಿ ಮನೆಯಲ್ಲೂ ನಡೆಯುವ ಸಣ್ಣ ಕೆಲಸ, ಇದರಲ್ಲಿ ಬರೆಯುವಂಥದ್ದೇನಿದೆ ಎಂದು ಕೇಳಬಹುದು. ಬರೆಯಲು ಕಾರಣ ಇದು: ಋತುವಿಗೆ ತಕ್ಕ ಬಟ್ಟೆ ಹಾಕುವ ಸ್ವಾತಂತ್ರ್ಯ ಎಲ್ಲರಿಗೂ ಇದೆ ಎಂದು ನಾವು ಅಂದುಕೊಂಡಿದ್ದೇವೆ, ಆದರೆ ಬಹಳ ಜನರಿಗೆ ಅದು ಇಲ್ಲ. ಬಿಸಿಲು ಹೆಚ್ಚಿದಷ್ಟೂ ಆ ವ್ಯತ್ಯಾಸ ಆರೋಗ್ಯದ ಪ್ರಶ್ನೆಯಾಗುತ್ತಿದೆ.

ಟ್ರಂಕಿನ ಲೆಕ್ಕ

ನಾನು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ, ಆರನೇ ಸೆಮಿಸ್ಟರ್. ಹಾಸ್ಟೆಲಿನಲ್ಲಿ ನನ್ನ ಇಡೀ ಬಟ್ಟೆ ಸಂಸಾರ ಒಂದು ಟ್ರಂಕಿನಲ್ಲಿದೆ. ಎರಡು ಸ್ವೆಟರ್, ಒಂದು ಜಾಕೆಟ್, ಐದು ಅಂಗಿ, ಮೂರು ಪ್ಯಾಂಟ್, ನಾಲ್ಕು ಟೀ ಶರ್ಟ್, ಊರಿನಿಂದ ತಂದ ಒಂದು ಕೌದಿ. ಹೀಟ್ ಟ್ರಾನ್ಸ್‌ಫರ್ ವಿಷಯದಲ್ಲಿ ಗೋಡೆ, ಪೈಪು, ಬಾಯ್ಲರ್‌ಗಳ ಶಾಖದ ಲೆಕ್ಕ ಹಾಕಿಸುತ್ತಾರೆ. ಅದೇ ಲೆಕ್ಕವನ್ನು ಅಂಗಿಗೂ ಹಾಕಬಹುದು.

ಬಟ್ಟೆ ಎಷ್ಟು ಶಾಖವನ್ನು ತಡೆದಿಡುತ್ತದೆ ಎಂಬುದಕ್ಕೆ 'ಕ್ಲೋ' ಎಂಬ ಅಳತೆ ಇದೆ. 1941ರಲ್ಲಿ ವಿಜ್ಞಾನಿಗಳು ಇದನ್ನು ರೂಪಿಸಿದರು. 21 ಡಿಗ್ರಿ ಇರುವ ಕೋಣೆಯಲ್ಲಿ ಸುಮ್ಮನೆ ಕುಳಿತ ಮನುಷ್ಯನಿಗೆ ಹಿತವಾಗಿರಲು ಬೇಕಾದ ಬಟ್ಟೆ ಒಂದು ಕ್ಲೋ. ಹೆಚ್ಚುಕಡಿಮೆ ಒಂದು ಸೂಟಿನಷ್ಟು. ಎಂಜಿನಿಯರ್‌ಗಳು ಬಳಸುವ ಕೋಷ್ಟಕದ ಪ್ರಕಾರ ಪ್ಯಾಂಟ್ ಮತ್ತು ಅರ್ಧ ತೋಳಿನ ಅಂಗಿ 0.57 ಕ್ಲೋ. ಪೂರ್ತಿ ತೋಳಿನದಾದರೆ 0.61. ಅದರ ಮೇಲೆ ಕೋಟು ಹಾಕಿದರೆ 0.96. ಚಡ್ಡಿ ಮತ್ತು ಅರ್ಧ ತೋಳಿನ ಅಂಗಿಗೆ 0.36.

ಈ ಅಂಕಿಗಳಲ್ಲಿ ಒಂದು ಪಾಠವಿದೆ. ತೋಳು ಉದ್ದವೋ ಗಿಡ್ಡವೋ ಎಂಬುದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಕೋಟು ಮಾಡುವ ವ್ಯತ್ಯಾಸವೇ ದೊಡ್ಡದು. ಹೊಲದಲ್ಲಿ ಕೆಲಸ ಮಾಡುವವರು ಬಿಸಿಲಿಗೆ ಪೂರ್ತಿ ತೋಳಿನ ಹಳೆ ಹತ್ತಿ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿಕೊಳ್ಳುವುದರ ಹಿಂದೆ ಸರಿಯಾದ ತರ್ಕವಿದೆ. ಮೈ ಮುಚ್ಚಿದರೆ ಬಿಸಿಲು ತಾಗದು, ಬಟ್ಟೆ ಸಡಿಲವಾಗಿದ್ದರೆ ಗಾಳಿ ಆಡುತ್ತದೆ.

ಇನ್ನೊಂದು ಲೆಕ್ಕ ಬೆವರಿನದು. ಸುಮ್ಮನೆ ಕುಳಿತ ವಯಸ್ಕನ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ, ಹಳೆ ಕಾಲದ ಒಂದು ಬಲ್ಬಿನಷ್ಟು. ಹೊರಗಿನ ಗಾಳಿ 35 ಡಿಗ್ರಿ ಮುಟ್ಟಿದಾಗ ಅದು ನಮ್ಮ ಚರ್ಮದಷ್ಟೇ ಬಿಸಿ ಇರುತ್ತದೆ. ಆಗ ಗಾಳಿಗೆ ಶಾಖ ಬಿಟ್ಟುಕೊಡಲು ದೇಹಕ್ಕೆ ಆಗುವುದಿಲ್ಲ. ಉಳಿಯುವ ದಾರಿ ಬೆವರು ಆರುವುದು ಒಂದೇ. ಒಂದು ಲೀಟರ್ ಬೆವರು ಆರಿದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. 12 ಗಂಟೆಯ ಪಾಳಿಯಲ್ಲಿ 100 ವ್ಯಾಟ್ ಎಂದರೆ 4,320 ಕಿಲೋಜೂಲ್. ಅಂದರೆ ಕುರ್ಚಿಯಲ್ಲಿ ಕುಳಿತಿದ್ದರೂ ಅಂಥ ಗಾಳಿಯಲ್ಲಿ 1.8 ಲೀಟರ್ ಬೆವರು ಆರಬೇಕು. ನಿಂತು, ಓಡಾಡಿ ಕೆಲಸ ಮಾಡುವವರಿಗೆ ಇನ್ನೂ ಹೆಚ್ಚು. ಗಮನಿಸಬೇಕಾದ ಮಾತೆಂದರೆ, ಬೆವರು ಹರಿದು ಕೆಳಗೆ ಬಿದ್ದರೆ ತಂಪಾಗುವುದಿಲ್ಲ, ಅದು ಆರಬೇಕು. ಆರಲು ಬಿಡುವುದೋ ಬೇಡವೋ ಎಂದು ತೀರ್ಮಾನಿಸುವುದು ಬಟ್ಟೆ.

ನೂಲಿನ ಪಾತ್ರ ಇಲ್ಲಿ ಬರುತ್ತದೆ. ಸಾಮಾನ್ಯ ಗಾಳಿಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇ 8ರಷ್ಟು ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಉಣ್ಣೆ ಇದರ ಎರಡರಷ್ಟು ಹೀರುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ 0.4 ಮಾತ್ರ. ಹಾಗೆಂದು ಪಾಲಿಯೆಸ್ಟರ್ ಎಲ್ಲವೂ ಕೆಟ್ಟದ್ದಲ್ಲ. ಓಟಗಾರರ ಜೆರ್ಸಿಯೂ ಪಾಲಿಯೆಸ್ಟರೇ, ಅದನ್ನು ಬೆವರು ಹೊರಮೈಗೆ ಹರಡಿ ಬೇಗ ಆರುವಂತೆ ಹೆಣೆದಿರುತ್ತಾರೆ. ಮಂಗಳೂರಿನಂಥ ತೇವದ ಊರಿನಲ್ಲಿ ದಪ್ಪ ಹತ್ತಿಯೂ ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ. ಆದರೆ ಒತ್ತಾಗಿ ನೇಯ್ದ, ದಪ್ಪನೆಯ, ಗಾಢ ಬಣ್ಣದ, ಬಿಗಿಯಾಗಿ ಹೊಲಿದ ಪಾಲಿಯೆಸ್ಟರ್ ಬಟ್ಟೆ ಯಾವ ಊರಿನ ಬೇಸಿಗೆಗೂ ಹೊಂದುವುದಿಲ್ಲ. ನಾವು ಜನರಿಗೆ ಯೂನಿಫಾರ್ಮ್ ಎಂದು ಕೊಡುತ್ತಿರುವುದು ಹೆಚ್ಚಾಗಿ ಇದನ್ನೇ.

ಸಲಹೆ ಒಂದು, ನಿಯಮ ಇನ್ನೊಂದು

ಪ್ರತಿ ಬೇಸಿಗೆಯಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಲಹೆ ಬರುತ್ತದೆ. ಹಗುರವಾದ, ತಿಳಿ ಬಣ್ಣದ, ಸಡಿಲವಾದ ಹತ್ತಿ ಬಟ್ಟೆ ಧರಿಸಿ; ಮಧ್ಯಾಹ್ನ ಹೊರಗೆ ಹೋಗಬೇಡಿ; ನೀರು ಕುಡಿಯಿರಿ. ಮಾತು ಸರಿಯಾಗಿದೆ. ಆದರೆ ಈ ಸಲಹೆಯನ್ನು ಪಾಲಿಸಬೇಕೆಂದರೆ ಬಟ್ಟೆಯ ಆಯ್ಕೆ ನಮ್ಮ ಕೈಯಲ್ಲಿರಬೇಕು.

ನಮ್ಮ ಅಪ್ಪ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡ್. ಊರಲ್ಲಿ ಎರಡು ಎಕರೆ ಒಣ ಭೂಮಿ ಇದೆ, ಹತ್ತಿ ಬೆಳೆಯುತ್ತಿದ್ದರು. ಮಳೆ ಕೈಕೊಟ್ಟು ಸಾಲ ಬೆಳೆದ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು ಇಲ್ಲಿಗೆ ಬಂದರು. ಅವ್ವ, ಅಜ್ಜಿ ಊರಲ್ಲಿದ್ದಾರೆ. ಅಪ್ಪನ ಯೂನಿಫಾರ್ಮ್ ಕಡುನೀಲಿ ಪ್ಯಾಂಟ್, ಪೂರ್ತಿ ತೋಳಿನ ಅಂಗಿ, ಬೆಲ್ಟು, ಟೋಪಿ, ಕಪ್ಪು ಶೂ. ಎಲ್ಲ ಪಾಲಿಯೆಸ್ಟರ್. ಎರಡು ಜೊತೆಯ ಹಣವನ್ನು ಏಜೆನ್ಸಿಯವರು ಮೊದಲ ಎರಡು ತಿಂಗಳ ಸಂಬಳದಲ್ಲಿ ಹಿಡಿದುಕೊಂಡರು. ಡಿಸೆಂಬರ್‌ನಲ್ಲಿ ಅದೇ ಬಟ್ಟೆ, ಏಪ್ರಿಲ್‌ನಲ್ಲೂ ಅದೇ ಬಟ್ಟೆ. ಚಳಿಗೆ ಸ್ವೆಟರನ್ನು ಅವರೇ ಕೊಂಡರು. ಆದರೆ ಅದು ಕಂದು ಬಣ್ಣದ್ದು ಎಂಬ ಕಾರಣಕ್ಕೆ ಅಂಗಿಯ ಒಳಗೆ ಹಾಕಿಕೊಳ್ಳಬೇಕೆಂದು ಸೂಪರ್‌ವೈಸರ್ ಹೇಳಿದರು.

ಬೆಂಗಳೂರು ತಂಪಿನ ಊರು ಎನ್ನುವ ಮಾತು ಏಪ್ರಿಲ್ ತಿಂಗಳಿಗೆ ಅನ್ವಯಿಸುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. 2024ರ ಏಪ್ರಿಲ್ ಕೊನೆಯಲ್ಲೂ 38 ಡಿಗ್ರಿ ದಾಟಿತ್ತು. ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಎಷ್ಟಿರುತ್ತದೆ ಎಂದು ಯಾರೂ ಅಳೆಯುವುದಿಲ್ಲ. ಮೇಲಿನ ಒಂದು ಗುಂಡಿ ಬಿಚ್ಚಿಕೊಳ್ಳಬಾರದೇ ಎಂದು ನಾನು ಕೇಳಿದರೆ ಅಪ್ಪ ಹೇಳುವುದಿಷ್ಟು: 'ಗುಂಡಿ ಬಿಚ್ಚಿದ್ರ ಫೋಟೋ ತೆಗೆದು ಗ್ರೂಪಿಗೆ ಹಾಕ್ತಾರಪಾ. ಡ್ಯೂಟಿ ಅಂದ್ರ ಡ್ಯೂಟಿ.'

ಇದಕ್ಕೆ ಕಾನೂನಿನಲ್ಲಿ ಏನಿದೆ ಎಂದು ಹುಡುಕಿದೆ. ಖಾಸಗಿ ಭದ್ರತಾ ಏಜೆನ್ಸಿಗಳಿಗಾಗಿ 2005ರಲ್ಲಿ ಕೇಂದ್ರದ ಕಾಯ್ದೆ ಬಂತು, 2006ರಲ್ಲಿ ಮಾದರಿ ನಿಯಮಗಳು ಬಂದವು. ಗಾರ್ಡ್ ಬಳಿ ಏನೇನಿರಬೇಕು ಎಂಬ ಪಟ್ಟಿ ಅದರಲ್ಲಿದೆ. ತೋಳಿಗೆ ಬಿಲ್ಲೆ, ದಾರ ಕಟ್ಟಿದ ಶಿಳ್ಳೆ, ಲೇಸು ಇರುವ ಶೂ, ತಲೆಗೆ ಟೋಪಿ. ಬಟ್ಟೆ ಕೆಲಸಕ್ಕೆ ಅಡ್ಡಿಯಾಗುವಷ್ಟು ಬಿಗಿಯಾಗಿಯೂ ಇರಬಾರದು, ಸಡಿಲವಾಗಿಯೂ ಇರಬಾರದು ಎಂದೂ ಇದೆ. ಶಿಳ್ಳೆಯ ದಾರವನ್ನು ನೆನಪಿಟ್ಟುಕೊಂಡ ಆ ಪಟ್ಟಿ ಋತುವನ್ನು ಮರೆತಿದೆ.

ಹಾಗಾದರೆ ನಮ್ಮ ವ್ಯವಸ್ಥೆಗೆ ಬೇಸಿಗೆ ಗೊತ್ತೇ ಇಲ್ಲವೇ? ಚೆನ್ನಾಗಿ ಗೊತ್ತಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ವಕೀಲರ ಪರಿಷತ್ತಿನ ನಿಯಮದಲ್ಲೇ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ ಎಂದಿದೆ. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಜಿಲ್ಲಾ ಮತ್ತು ವಿಚಾರಣಾ ನ್ಯಾಯಾಲಯಗಳ ವಕೀಲರಿಗೆ ಮೇ ಕೊನೆಯವರೆಗೆ ಕೋಟಿನಿಂದ ವಿನಾಯಿತಿ ಕೊಟ್ಟಿತು. ಎರಡೂ ಒಳ್ಳೆಯ ನಿರ್ಧಾರಗಳು. ನೌಕರರಿಗೆ ಸಂಘವಿದೆ, ವಕೀಲರಿಗೆ ಪರಿಷತ್ತಿದೆ, ಕೇಳಲು ದನಿ ಇದೆ. ಅದೇ ನ್ಯಾಯಾಲಯದ ಗೇಟಿನಲ್ಲಿ, ಅದೇ ಕಚೇರಿಯ ಮುಂದಿನ ಎಟಿಎಂನಲ್ಲಿ ನಿಂತವರಿಗೆ ಅಂಥ ಸಂಘವೂ ಇಲ್ಲ, ಪರಿಷತ್ತೂ ಇಲ್ಲ. ಬಿಸಿಲು ಮಾತ್ರ ಎಲ್ಲರಿಗೂ ಒಂದೇ.

ಹತ್ತಿಯ ಊರಿನಲ್ಲಿ ಪಾಲಿಯೆಸ್ಟರ್

ನಮ್ಮ ಅಜ್ಜಿ ಇಳಕಲ್ ಸೀರೆ ಉಟ್ಟೇ ಬದುಕಿದವರು, ಮೈಯೆಲ್ಲ ಹತ್ತಿ. ಅವ್ವ ಹೊಲಕ್ಕೆ ಹೋಗುವಾಗ ಉಡುವುದು ಸಿಂಥೆಟಿಕ್ ಸೀರೆ. ಬೇಸಿಗೆಯಲ್ಲಿ ಹತ್ತಿ ಉಡಬಾರದೇ ಎಂದರೆ ಅವಳ ಉತ್ತರದಲ್ಲಿ ಒಂದು ಅರ್ಥಶಾಸ್ತ್ರವೇ ಇದೆ. ಸಿಂಥೆಟಿಕ್ ಸೀರೆ ಅಗ್ಗ. ಒಗೆದು ಹಾಕಿದರೆ ಅರ್ಧ ತಾಸಿನಲ್ಲಿ ಒಣಗುತ್ತದೆ. ಗಂಜಿ ಬೇಡ, ಇಸ್ತ್ರಿ ಬೇಡ, ಬಣ್ಣ ಹೋಗುವುದಿಲ್ಲ, ಮುಳ್ಳಿಗೆ ಸಿಕ್ಕರೂ ಬೇಗ ಹರಿಯುವುದಿಲ್ಲ. ಹತ್ತಿ ಸೀರೆಗೆ ದುಡ್ಡೂ ಬೇಕು, ಅದನ್ನು ನೋಡಿಕೊಳ್ಳಲು ವೇಳೆಯೂ ಬೇಕು. ನಗರದಲ್ಲಿ ಈಗ ಕೈಮಗ್ಗದ ಹತ್ತಿ ಫ್ಯಾಷನ್. ಬಡವರ ಬಟ್ಟೆ ಉಳ್ಳವರ ಕಪಾಟಿಗೆ ಹೋಯಿತು, ಬಡವರಿಗೆ ಪ್ಲಾಸ್ಟಿಕ್ ನೂಲು ಉಳಿಯಿತು.

ತೆರಿಗೆಯ ಗಾಳಿಯೂ ಆ ಕಡೆಗೇ ಬೀಸುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯಲ್ಲಿ ಕೃತಕ ನಾರಿನ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ, ಅದರ ನೂಲಿನ ಮೇಲಿನದು ಶೇ 12ರಿಂದ 5ಕ್ಕೆ ಇಳಿಯಿತು. ಕಚ್ಚಾ ಮಾಲಿಗೆ ಹೆಚ್ಚು, ಸಿದ್ಧ ಬಟ್ಟೆಗೆ ಕಡಿಮೆ ಎಂಬ ತಲೆಕೆಳಗಾದ ತೆರಿಗೆಯನ್ನು ಸರಿಪಡಿಸಲು ಈ ಕ್ರಮ, ಗಿರಣಿಗಳ ದೃಷ್ಟಿಯಿಂದ ನ್ಯಾಯವಾದದ್ದೇ. ಆದರೆ ಹತ್ತಿ ಮೊದಲಿನಿಂದಲೂ ಶೇ 5ರಲ್ಲೇ ಇತ್ತು. ನೂಲಿನ ಹಂತದಲ್ಲಿ ಅದಕ್ಕಿದ್ದ ಅನುಕೂಲ ಈಗ ಉಳಿದಿಲ್ಲ. ಸಿದ್ಧ ಉಡುಪಿನಲ್ಲಿ ಮಾತ್ರ ಗ್ರಾಹಕರಿಗೆ ಒಂದು ಲಾಭವಾಯಿತು: ಹಿಂದೆ 1,000 ರೂಪಾಯಿವರೆಗಿನ ಬಟ್ಟೆಗೆ ಶೇ 5, ಅದರ ಮೇಲೆ ಶೇ 12 ಇತ್ತು, ಈಗ 2,500 ರೂಪಾಯಿವರೆಗೂ ಶೇ 5. ಒಳ್ಳೆಯ ಹತ್ತಿ ಅಂಗಿಗಳ ಬೆಲೆ ಈ ಎರಡರ ನಡುವೆಯೇ ಇರುವುದರಿಂದ ಮಧ್ಯಮ ವರ್ಗಕ್ಕೆ ಅನುಕೂಲ. 400 ರೂಪಾಯಿಯ ಅಂಗಿ ಕೊಳ್ಳುವವರಿಗೆ ಏನೂ ಬದಲಾಗಲಿಲ್ಲ.

ಬೆಳೆಯುವವರ ಕಥೆ ಇನ್ನೊಂದು. 2025-26ರ ಹಂಗಾಮಿಗೆ ಕೇಂದ್ರ ಗೊತ್ತುಪಡಿಸಿದ ಬೆಂಬಲ ಬೆಲೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110. ಅದೇ ವರ್ಷ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಹತ್ತಿ ಆಮದಿನ ಮೇಲಿದ್ದ ಶೇ 11ರ ಸುಂಕವನ್ನು ತೆಗೆಯಲಾಗಿತ್ತು. ನಮ್ಮ ಕಡೆ ಹತ್ತಿ ಬಿಡಿಸುವ ಕಾಲವೂ ಅದೇ.

ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಕ್ವಿಂಟಲ್ ಹತ್ತಿಯಿಂದ ಬೀಜ ತೆಗೆದರೆ ಸಿಗುವ ಅರಳೆ ಸುಮಾರು 33 ಕೆ.ಜಿ. ನೂಲುವಾಗ, ನೇಯುವಾಗ ಆಗುವ ನಷ್ಟ ಸೇರಿಸಿ ಒಂದು ಅಂಗಿಗೆ 300 ಗ್ರಾಂ ಎಂದುಕೊಂಡರೆ 110 ಅಂಗಿ. ಬೆಂಬಲ ಬೆಲೆ ಪೂರ್ತಿ ಸಿಕ್ಕಿದರೂ ಒಂದು ಅಂಗಿಗೆ ರೈತನಿಗೆ ಬರುವುದು 75 ರೂಪಾಯಿಯ ಆಸುಪಾಸು. ಆ ಅಂಗಿಯನ್ನು ಅಂಗಡಿಯಲ್ಲಿ 1,500ಕ್ಕೆ ನೋಡಿದಾಗ ಅಪ್ಪ ಬೆಲೆಯ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಹತ್ತಿ ಬೆಳೆದ ಮನುಷ್ಯ ಹತ್ತಿ ಅಂಗಿ ಕೊಳ್ಳಲಾರದೆ ಪಾಲಿಯೆಸ್ಟರ್ ತೊಟ್ಟು ಗೇಟು ಕಾಯುತ್ತಾನೆ. ಇದು ನಮ್ಮ ಮನೆಯೊಂದರ ಕಥೆ ಎಂದು ನನಗೆ ಅನಿಸುವುದಿಲ್ಲ.

ಸ್ವೆಟರ್ ಮಾರುವವರು, ಕೌದಿ ಹೊಲಿಯುವವರು

ಚಳಿ ಗಿಡ್ಡವಾದರೆ ಪೆಟ್ಟು ಬೀಳುವವರು ಬೇರೆಯೂ ಇದ್ದಾರೆ. ದೀಪಾವಳಿ ಹೊತ್ತಿಗೆ ನಮ್ಮ ಊರುಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಸಾಲಾಗಿ ಏಳುತ್ತವೆ. ಬೈಲಕುಪ್ಪೆ, ಮುಂಡಗೋಡದಂಥ ನೆಲೆಗಳ ಕುಟುಂಬಗಳಿಗೆ ಇದು ವರ್ಷದ ಮುಖ್ಯ ಸಂಪಾದನೆಗಳಲ್ಲಿ ಒಂದು. ಮಾಲು ಬರುವುದು ಲುಧಿಯಾನದ ಕಾರ್ಖಾನೆಗಳಿಂದ. ವ್ಯಾಪಾರಕ್ಕೆ ಸಿಗುವುದು ಎರಡು, ಮೂರು ತಿಂಗಳು. ಜನವರಿಯಲ್ಲೇ ಬಿಸಿಲು ಏರಿದರೆ ಉಳಿದ ಗಂಟನ್ನು ಕಟ್ಟಿ ಮುಂದಿನ ವರ್ಷದವರೆಗೆ ಇಡಬೇಕು, ಮಾಲಿಗೆ ಹಾಕಿದ ಹಣದ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಆ ಸ್ವೆಟರ್‌ಗಳಲ್ಲಿ ಅಗ್ಗದವು ಹೆಚ್ಚಾಗಿ ಅಕ್ರಿಲಿಕ್. ಇದು ತಿಳಿದಿದ್ದರೆ ಒಂದು ಖರ್ಚು ಉಳಿಯುತ್ತದೆ. ಬಟ್ಟೆ ತಿನ್ನುವ ನುಸಿಯ ಮರಿಗೆ ಬೇಕಾದದ್ದು ಉಣ್ಣೆ, ರೇಷ್ಮೆಯಂಥ ಪ್ರಾಣಿಜನ್ಯ ನೂಲು. ಶುದ್ಧ ಅಕ್ರಿಲಿಕ್ ಅದಕ್ಕೆ ಆಹಾರವಲ್ಲ. ಹಾಗಾಗಿ ಟ್ರಂಕಿನ ತುಂಬ ನುಸಿಗುಳಿಗೆ ಹಾಕಿ ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ. ಒಗೆದು, ಪೂರ್ತಿ ಒಣಗಿಸಿ, ಮಡಚಿ ಇಟ್ಟರೆ ಸಾಕು. ನಿಜವಾದ ಉಣ್ಣೆಯಾದರೆ ಒಗೆಯದೆ ಇಡಲೇಬಾರದು, ಬೆವರು, ಎಣ್ಣೆಯ ಕಲೆ ಇದ್ದ ಕಡೆಯೇ ನುಸಿ ಮೊದಲು ಕೂರುತ್ತದೆ.

ಹಳೆಯ ಕಾಲದಲ್ಲಿ ಋತುವಿನ ಬಟ್ಟೆ ಬದಲಾವಣೆಗೆ ನಮ್ಮಲ್ಲಿ ಒಂದು ಸುಂದರ ವ್ಯವಸ್ಥೆ ಇತ್ತು. ಬೇಸಿಗೆಯಲ್ಲಿ ಉಟ್ಟು ಸವೆದ ಹತ್ತಿ ಸೀರೆಗಳು ಪದರ ಪದರವಾಗಿ ಸೇರಿ ಚಳಿಗಾಲದ ಕೌದಿಯಾಗುತ್ತಿದ್ದವು. ನನ್ನ ಟ್ರಂಕಿನಲ್ಲಿರುವ ಕೌದಿಯಲ್ಲಿ ಅಜ್ಜಿಯ ಮೂರು ಸೀರೆಗಳಿವೆ. ಪದರಗಳ ನಡುವೆ ನಿಂತ ಗಾಳಿಯೇ ಅದರ ಬಿಸುಪು, ನಾವು ತರಗತಿಯಲ್ಲಿ ಓದುವ ಇನ್ಸುಲೇಶನ್ ತತ್ವ ಅದೇ. ಸಿಂಥೆಟಿಕ್ ಸೀರೆಯ ಕೌದಿ ಜಾರುತ್ತದೆ, ಬೆವರಿಸುತ್ತದೆ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುವಾಗ ಹತ್ತಿಯ ಏಪ್ರನ್ ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ. ಪಾಲಿಯೆಸ್ಟರ್ 260 ಡಿಗ್ರಿ ಆಸುಪಾಸಿನಲ್ಲಿ ಕರಗಿ ಹರಿಯುತ್ತದೆ.

ಬೇರೆಯವರು ಏನು ಮಾಡಿದರು?

ಜಪಾನಿನಲ್ಲಿ 'ಕೊರೊಮೊಗಾಯೆ' ಎಂಬ ಪದ್ಧತಿ ಇದೆ. ಉಡುಪು ಬದಲಿಸುವುದು ಎಂದೇ ಅದರ ಅರ್ಥ. ಜೂನ್ 1ಕ್ಕೆ ಶಾಲಾ ಮಕ್ಕಳು, ಸಮವಸ್ತ್ರದ ನೌಕರರು ಬೇಸಿಗೆಯ ಉಡುಪಿಗೆ, ಅಕ್ಟೋಬರ್ 1ಕ್ಕೆ ಚಳಿಗಾಲದ ಉಡುಪಿಗೆ ಬದಲಾಗುತ್ತಾರೆ. ಅಂದರೆ ಬಟ್ಟೆಯ ಬದಲಾವಣೆ ಅಲ್ಲಿ ಒಬ್ಬೊಬ್ಬರ ಖಾಸಗಿ ಅದೃಷ್ಟವಲ್ಲ, ಎಲ್ಲರೂ ಒಪ್ಪಿದ ದಿನ. 2005ರಲ್ಲಿ ಅಲ್ಲಿನ ಪರಿಸರ ಸಚಿವಾಲಯ 'ಕೂಲ್ ಬಿಜ್' ಅಭಿಯಾನ ಶುರುಮಾಡಿತು. ಕಚೇರಿಗಳಲ್ಲಿ ಎಸಿ 28 ಡಿಗ್ರಿಗೆ ಇಡಿ, ಬದಲಿಗೆ ಟೈ ಮತ್ತು ಕೋಟು ಬಿಡಿ ಎಂಬುದು ಅದರ ಸಾರ. ಆಗಿನ ಪ್ರಧಾನಿ ಕೊಯಿಜುಮಿ ಅವರೇ ಟೈ ಇಲ್ಲದೆ ಕಾಣಿಸಿಕೊಂಡರು. ಮೇಲಿನವರು ಮೊದಲು ಟೈ ಬಿಚ್ಚಿದರೆ ಕೆಳಗಿನವರ ಭಯ ಹೋಗುತ್ತದೆ ಎಂಬುದನ್ನು ಅವರು ಅರ್ಥ ಮಾಡಿಕೊಂಡಿದ್ದರು.

ನಮ್ಮಲ್ಲಿ ಎಸಿಯ ಕಡೆಯಿಂದ ಮಾತ್ರ ಯೋಚನೆ ನಡೆದಿದೆ. 2020ರ ಜನವರಿಯಿಂದ ಹೊಸ ಎಸಿಗಳು ಚಾಲೂ ಮಾಡಿದಾಗ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮ ಬಂತು. 2025ರ ಜೂನ್‌ನಲ್ಲಿ ಎಸಿಗಳನ್ನು 20ರಿಂದ 28 ಡಿಗ್ರಿಯೊಳಗೆ ಮಿತಿಗೊಳಿಸುವ ಪ್ರಸ್ತಾವವನ್ನು ಕೇಂದ್ರ ಇಂಧನ ಸಚಿವರು ಹೇಳಿದರು. ಬಟ್ಟೆಯ ಮಾತು ಎಲ್ಲೂ ಬರಲಿಲ್ಲ. ಕೋಟು ಹಾಕಿ 0.96 ಕ್ಲೋ ಹೊತ್ತು ಕುಳಿತವರಿಗೆ 26 ಡಿಗ್ರಿ ಸೆಕೆ ಅನಿಸುವುದು ಸಹಜ. ಕೋಟು ಬಿಚ್ಚಿದರೆ ಅದೇ 26 ಹಿತ. ಕ್ಯಾಂಪಸ್ ಸಂದರ್ಶನಕ್ಕೆ ನಮ್ಮನ್ನು ಬ್ಲೇಜರ್, ಟೈ ಕಟ್ಟಿಸಿ ಕೂರಿಸಿ, ಆ ಬ್ಲೇಜರ್‌ಗಾಗಿ ಸಭಾಂಗಣವನ್ನು ತಣ್ಣಗೆ ಮಾಡುತ್ತಾರೆ. ಬಾಡಿಗೆ ಬ್ಲೇಜರ್ ತಂದ ಹುಡುಗರು ಇದರಲ್ಲಿ ಎರಡು ಸಲ ದುಡ್ಡು ಕೊಡುತ್ತಾರೆ, ಒಮ್ಮೆ ಅಂಗಡಿಗೆ, ಒಮ್ಮೆ ಫೀಸಿನಲ್ಲಿ ಸೇರಿದ ಕರೆಂಟ್ ಬಿಲ್ಲಿಗೆ.

ನೆರೆಯ ರಾಜ್ಯಗಳ ಒಂದು ಉದಾಹರಣೆ ಇನ್ನೂ ಹತ್ತಿರದ್ದು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾದ ಹೆಣ್ಣುಮಕ್ಕಳು ಕೇರಳದಲ್ಲಿ ಹೋರಾಡಿದರು. 2018ರಲ್ಲಿ ಅಲ್ಲಿ ಕಾನೂನು ತಿದ್ದುಪಡಿಯಾಗಿ ಕುಳಿತುಕೊಳ್ಳುವ ಹಕ್ಕು ಸಿಕ್ಕಿತು. 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಕುಳಿತುಕೊಳ್ಳಲೂ ಕಾನೂನು ಬೇಕೇ ಎಂದು ಆಗಲೂ ನಕ್ಕವರಿರಬಹುದು. ನಿಂತವರಿಗೆ ಮಾತ್ರ ಅದರ ಬೆಲೆ ಗೊತ್ತಿತ್ತು. ಕರ್ನಾಟಕವೂ ಕಾರ್ಮಿಕರ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2025ರಲ್ಲಿ ಆ್ಯಪ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ. ಅದರಡಿ ರೂಪುಗೊಳ್ಳುವ ವ್ಯವಸ್ಥೆಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಊಟ ತಲುಪಿಸುವ ಹುಡುಗರ ಟೀ ಶರ್ಟಿನ ಬಗ್ಗೆಯೂ ಒಂದು ಸಾಲು ಸೇರಿಸಲು ಕಷ್ಟವೇನಿಲ್ಲ.

ಆಕ್ಷೇಪಗಳಿಗೆ ಉತ್ತರ

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಶಿಸ್ತು. ಯೂನಿಫಾರ್ಮ್ ಇಲ್ಲದಿದ್ದರೆ ಗಾರ್ಡ್ ಯಾರು, ಹೊರಗಿನವರು ಯಾರು ಎಂದು ಗೊತ್ತಾಗುವುದಿಲ್ಲ ಎನ್ನುತ್ತಾರೆ. ಮಾತು ಸರಿ, ಯೂನಿಫಾರ್ಮ್ ಬೇಕು. ಆದರೆ ಗುರುತು ಇರುವುದು ಬಣ್ಣದಲ್ಲಿ, ಬಿಲ್ಲೆಯಲ್ಲಿ. ಪಾಲಿಯೆಸ್ಟರಿನಲ್ಲಿ ಅಲ್ಲ. ತಿಳಿನೀಲಿ ಹತ್ತಿ ಅಂಗಿಗೂ ಅದೇ ಬಿಲ್ಲೆ ಹಾಕಬಹುದು. ಬೆವರಿ, ತಲೆ ಸುತ್ತಿ ಕುಳಿತ ಗಾರ್ಡ್‌ಗಿಂತ ಎಚ್ಚರವಾಗಿರುವ ಗಾರ್ಡ್‌ನಿಂದಲೇ ಹೆಚ್ಚು ಭದ್ರತೆ.

ಎರಡನೆಯದು ಖರ್ಚು. ಇದನ್ನೂ ಲೆಕ್ಕ ಹಾಕೋಣ. 100 ಮನೆಗಳ ಅಪಾರ್ಟ್‌ಮೆಂಟ್, ಆರು ಜನ ಗಾರ್ಡ್, ಒಬ್ಬರಿಗೆ ಎರಡು ಜೊತೆ ಬೇಸಿಗೆ ಯೂನಿಫಾರ್ಮ್, ಜೊತೆಗೆ 1,200 ರೂಪಾಯಿ ಎಂದುಕೊಳ್ಳೋಣ. ಒಟ್ಟು 14,400 ರೂಪಾಯಿ. ಮನೆಗೆ 144. ಎರಡು ಬೇಸಿಗೆ ಬಾಳಿದರೆ ವರ್ಷಕ್ಕೆ 72. ಹತ್ತಿ ಬೇಗ ಸವೆಯುತ್ತದೆ, ಇಸ್ತ್ರಿ ಬೇಕು ಎನ್ನುವುದು ನಿಜ. ಹತ್ತಿ ಹೆಚ್ಚಿರುವ ಮಿಶ್ರ ನೂಲಿನ, ತೆಳುವಾಗಿ ನೇಯ್ದ ಬಟ್ಟೆ ಮಾರುಕಟ್ಟೆಯಲ್ಲಿದೆ, ಅದು ಎರಡೂ ತೊಂದರೆಗಳನ್ನು ಕಡಿಮೆ ಮಾಡುತ್ತದೆ. ಸುಕ್ಕು ಬಿದ್ದ ಅಂಗಿಯನ್ನು ನಾವು ಬೇಸಿಗೆಯ ಮೂರು ತಿಂಗಳು ಸಹಿಸಿಕೊಂಡರೆ ಉಳಿದದ್ದೂ ಮುಗಿಯಿತು.

ಸರ್ಕಾರ ಮಾಡಬಹುದಾದದ್ದು ದೊಡ್ಡದೇನಲ್ಲ. ಬಿಸಿಗಾಳಿ ಸಲಹೆಯ ಜೊತೆಗೆ, ಮಾರ್ಚ್‌ನಿಂದ ಮೇವರೆಗೆ ಹೊರಗೆ ದುಡಿಯುವವರಿಗೆ ಹಗುರ ಬಟ್ಟೆಯ ಯೂನಿಫಾರ್ಮ್ ಕೊಡಬೇಕು, ಅದರ ಹಣವನ್ನು ಸಂಬಳದಲ್ಲಿ ಹಿಡಿಯಬಾರದು ಎಂದು ಏಜೆನ್ಸಿಗಳಿಗೆ ಸೂಚಿಸಬಹುದು. ತಾನೇ ಗುತ್ತಿಗೆ ಕೊಡುವ ಕಡೆ ಟೆಂಡರಿನಲ್ಲೇ ಬಟ್ಟೆಯ ನೂಲು, ತೂಕ, ಬಣ್ಣ ನಮೂದಿಸಬಹುದು. ಆ ಬಟ್ಟೆಯನ್ನು ನಮ್ಮ ಮಗ್ಗಗಳಿಂದಲೇ ಕೊಂಡರೆ ನೇಕಾರರಿಗೂ ಕೆಲಸ. ಕಾಲೇಜುಗಳು ಬೇಸಿಗೆಯಲ್ಲಿ ಟೈ, ಬ್ಲೇಜರ್ ಬೇಡ ಎಂದು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ನಮ್ಮ ವಿಭಾಗದ 41 ವಿದ್ಯಾರ್ಥಿಗಳು ಸಹಿ ಹಾಕಿ ಇಂಥದೊಂದು ಮನವಿಯನ್ನು ಕೊಟ್ಟಿದ್ದೇವೆ. ಪ್ರಾಂಶುಪಾಲರು ಓದಿದ್ದಾರೆ, 'ಕಮಿಟಿಗೆ ಇಡುತ್ತೇನೆ' ಎಂದಿದ್ದಾರೆ.

ಓದುಗರಲ್ಲಿ ಅಪಾರ್ಟ್‌ಮೆಂಟ್ ನಿವಾಸಿಗಳು ಬಹಳ ಜನ ಇರಬಹುದು. ನಿಮ್ಮ ಸಂಘದ ಸಭೆ ತಿಂಗಳಿಗೊಮ್ಮೆ ನಡೆಯುತ್ತದೆ. ಪಾರ್ಕಿಂಗ್, ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿಯ ಜೊತೆಗೆ ಈ ಸಲ ಗಾರ್ಡ್‌ಗಳ ಬೇಸಿಗೆ ಬಟ್ಟೆಯ ವಿಷಯವನ್ನೂ ಇಡಿ. ಏಜೆನ್ಸಿಗೆ ಹಣ ಕೊಡುವವರು ನೀವು. ನೀವು ಹೇಳಿದರೆ ಅವರು ಕೇಳುತ್ತಾರೆ, ನಮ್ಮ ಅಪ್ಪ ಹೇಳಿದರೆ ಕೇಳುವುದಿಲ್ಲ. ಸಭೆಗೆ ಮುಂಚೆ ಒಮ್ಮೆ ಮಧ್ಯಾಹ್ನ ಎರಡು ಗಂಟೆಗೆ ಗೇಟಿನ ಹತ್ತಿರ ಹೋಗಿ, ಅಲ್ಲಿರುವವರ ಅಂಗಿಯ ತೋಳನ್ನು ಮುಟ್ಟಿ ನೋಡಿ. ಅದು ಯಾವ ಬಟ್ಟೆ ಎಂದು ಕೈಗೇ ಗೊತ್ತಾಗುತ್ತದೆ.